ಮೂಲೆ ಉಜ್ಜಿದ ತಗಡು

ಅಕ್ಕನ ಡೀಸೆಲ್ ಕಾರು ಹದಿನೆಂಟು ದಿನಗಳಲ್ಲಿ ಮೂರನೇ ಸಲ ನನ್ನ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಿತು. ಟ್ಯಾಕ್ಸಿಯೊಂದರ ಕೆಳಗೆ ಮಲಗಿದ್ದ ನನಗೆ ಸದ್ದಿನಿಂದಲೇ ಗೊತ್ತಾಯಿತು. ಎದ್ದು ಬಂದು ಬಗ್ಗಿ ನೋಡಿದರೆ ಮೀಟರಿನ ಪಕ್ಕದಲ್ಲಿ, ಎಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎನ್ನುವ ಅದೇ ಹಳದಿ ದೀಪ. ತಲೆ ಕೆಟ್ಟುಹೋಯಿತು.

"ನಾಳೆ ತಪಾಸಣೆ ಕಣೋ," ಎಂದಳು ಅಕ್ಕ.

ಅವಳು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ಹನ್ನೊಂದು ವರ್ಷ ಮಕ್ಕಳು, ಮನೆ ಅಂತ ಇದ್ದವಳು ಈ ವರ್ಷವಷ್ಟೇ ಮತ್ತೆ ಕೆಲಸ ಹಿಡಿದಿದ್ದಳು. ಸ್ವಂತ ಕಾರಿರಬೇಕು, ಅದು ತಪಾಸಣೆಯಲ್ಲಿ ಪಾಸಾಗಿರಬೇಕು ಎನ್ನುವುದು ಅವರ ಆಫೀಸಿನ ಷರತ್ತು. ದೀಪ ಉರಿಯುತ್ತಿದ್ದರೆ ಕಾರು ಫೇಲು. ಫೇಲಾದರೆ ಸೋಮವಾರದಿಂದ ಅವಳ ರೋಗಿಗಳು ಇನ್ನೊಬ್ಬಳ ಪಾಲು.

ಎಲ್ಲಕ್ಕೂ ಮೂಲ ಇಜಿಆರ್ ವಾಲ್ವ್ ಎಂಬ ಪೀಡೆ. ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ಪುಟ್ಟ ಬಾಗಿಲು ಅದು. ಊರಿನ ಗಾಳಿ ಕೆಡದಿರಲಿ ಎಂದು ಇಟ್ಟಿದ್ದಾರೆ, ಒಪ್ಪೋಣ. ಆದರೆ ಡೀಸೆಲ್ ಹೊಗೆಯಲ್ಲಿ ಮಸಿ ಇರುತ್ತದೆ ಎಂದು ಅದನ್ನು ಕಂಡುಹಿಡಿದ ಮಹಾನುಭಾವನಿಗೆ ಯಾರೂ ಹೇಳಲಿಲ್ಲವೇನೋ. ಮಸಿ ಕಟ್ಟಿ ಬಾಗಿಲು ಸಿಕ್ಕಿಕೊಳ್ಳುತ್ತದೆ, ಕಾರು ಉಸಿರು ಕಟ್ಟಿ ನಿಲ್ಲುತ್ತದೆ, ಬೈಗುಳ ನನಗೆ ಬರುತ್ತದೆ.

ಮೊದಲ ಸಲ ಹಾಗೇ ಆಗಿತ್ತು. ಆಸ್ಪತ್ರೆ ರಸ್ತೆಯ ಏರಿನ ನಡುವೆ ಕಾರು ನಿಂತು, ಹಿಂದಿನವರೆಲ್ಲ ಹಾರ್ನ್ ಬಾರಿಸಿ, ಅಕ್ಕ ಅಳುಮುಖ ಮಾಡಿಕೊಂಡು ಬಂದಿದ್ದಳು. ಅವತ್ತು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ವಾಲ್ವಿನೊಳಗಿಂದ ಹಿಡಿಗಟ್ಟಲೆ ಮಸಿ ಕೆರೆದು ತೆಗೆದೆ. ಅವಳನ್ನು ಅಪ್ಪನ ಜೊತೆ ಕೂರಿಸಿ ಊಟಕ್ಕೆ ಹೋದೆ, ಬಂದು ಕಾರು ಕೊಟ್ಟು ಕಳಿಸಿದೆ.

ಅಪ್ಪನ ವಿಷಯ ಹೇಳಬೇಕು. ಈ ಗ್ಯಾರೇಜು ಅವರದೇ. ಕಣ್ಣು ಮಂಜಾದ ಮೇಲೆ ನನಗೆ ಬಿಟ್ಟುಕೊಟ್ಟರು, ಆದರೆ ಬರುವುದನ್ನು ಬಿಡಲಿಲ್ಲ. ಕಂಪ್ಯೂಟರ್ ಇರುವ ಕಾರಿಗೆ ಕೈ ಹಾಕಬೇಡಿ ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಅಂದಿನಿಂದ ಮೂಲೆಯ ಬೆಂಚಿನ ಮೇಲೆ ಕೂತು ಹಳೆಯ ಬೋಲ್ಟುಗಳನ್ನು ಅಳತೆಯಂತೆ ಬೇರ್ಪಡಿಸುತ್ತಿದ್ದರು.

ಒಂಬತ್ತೇ ದಿನಕ್ಕೆ ಮತ್ತೆ ದೀಪ ಹತ್ತಿತು. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದೆ. ಹೊಗೆಯ ಹರಿವು ಸಾಲದು ಎಂದಿತು. ವಾಲ್ವ್ ಬಿಚ್ಚುವ ತಾಳ್ಮೆ ಯಾರಿಗಿತ್ತು? ಅಕ್ಕನಿಗೆ ಸರಿಯಾಗಿ ಮಂಗಳಾರತಿ ಮಾಡಿದೆ. ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ ಎಂಜಿನ್ ಬಿಸಿಯಾಗುವುದು ಯಾವಾಗ, ಏರಿನಲ್ಲೂ ನಾಲ್ಕನೇ ಗೇರಿನಲ್ಲಿ ಎಳೆದಾಡಿದರೆ ಮಸಿ ಕಟ್ಟದೆ ಇನ್ನೇನಾಗುತ್ತದೆ ಎಂದು ಕೂಗಾಡಿದೆ. ಅವಳು, ಅವತ್ತು ನೀನು ಊಟಕ್ಕೆ ಹೋದಾಗ ಎಂದು ಏನೋ ಶುರುಮಾಡಿದಳು. ನನ್ನ ಊಟದ ಸುದ್ದಿ ಬೇಡ, ಹೋಗಿ ಹೆದ್ದಾರಿಯಲ್ಲಿ ಅರ್ಧ ಗಂಟೆ ಜೋರಾಗಿ ಓಡಿಸು ಎಂದು ದೀಪ ಆರಿಸಿ ಅಟ್ಟಿದೆ.

ಈಗ ಮೂರನೇ ಸಲ. ಗೊಣಗುತ್ತಲೇ ವಾಲ್ವ್ ಬಿಚ್ಚಿದೆ. ಕೆರೆಯಲು ಚಾಕು ಹಿಡಿದವನು ಹಾಗೇ ನಿಂತುಬಿಟ್ಟೆ.

ವಾಲ್ವ್ ಫಳಫಳ ಹೊಳೆಯುತ್ತಿತ್ತು.

ಅವತ್ತು ನಾನು ತೊಳೆದಿಟ್ಟದ್ದು ಹೇಗಿತ್ತೋ ಹಾಗೇ. ಹದಿನೆಂಟು ದಿನ ಓಡಿದ ಡೀಸೆಲ್ ಕಾರಿನಲ್ಲಿ ಬೆರಳಿಗಂಟುವಷ್ಟೂ ಮಸಿಯಿಲ್ಲ ಅಂದರೆ ಇಲ್ಲಿಗೆ ಹೊಗೆಯೇ ಬರುತ್ತಿಲ್ಲ. ಹೊಗೆ ತರುವ ಪೈಪಿನ ಆ ತುದಿ ಬಿಚ್ಚಿದೆ. ಎರಡು ಬೋಲ್ಟುಗಳ ನಡುವೆ, ಪೈಪಿನ ಬಾಯಿಗೆ ಅಡ್ಡಲಾಗಿ, ಒಂದು ಉಕ್ಕಿನ ತಗಡು. ಅಳತೆಗೆ ಸರಿಯಾಗಿ ಕತ್ತರಿಸಿದ್ದು. ನಾಲ್ಕೂ ಮೂಲೆ ಅರದಿಂದ ಉಜ್ಜಿ ದುಂಡಗೆ ಮಾಡಿದ್ದು.

ಮುಂದೆ ಬಿಚ್ಚುವವನ ಬೆರಳು ಕುಯ್ಯಬಾರದು ಎಂದು ತಗಡಿನ ಮೂಲೆ ಉಜ್ಜುವ ಮೆಕ್ಯಾನಿಕ್ ನನಗೆ ಗೊತ್ತಿರುವಂತೆ ಒಬ್ಬರೇ. ಬೆಂಚಿನ ಹತ್ತಿರ ಹೋಗಿ ಅವರ ಮುಂದೆ ಅದನ್ನು ಹಿಡಿದೆ.

ಅಪ್ಪ ತಗಡನ್ನು ಬೆರಳಿನಿಂದ ಸವರಿ ಗುರುತು ಹಿಡಿದರು. "ಏರಲ್ಲಿ ನಿಂತುಹೋದೆ ಅಂತ ಅವಳು ಅತ್ತಳು. ಹೊಗೆ ಒಳಗೆ ಹೋದ್ರೆ ತಾನೇ ಮಸಿ ಕಟ್ಟೋದು, ಬಾಯೇ ಮುಚ್ಚಿಬಿಡೋಣ ಅಂತ ಹಾಕ್ದೆ."

ಅವರ ಕಾಲದ ಲೆಕ್ಕ ಸರಿಯೇ. ಹೊಗೆ ಬರಲಿಲ್ಲವೆಂದು ಕಂಪ್ಯೂಟರ್ ದೂರು ಕೊಡುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿಕೊಟ್ಟಿದ್ದರೆ ತಾನೇ. ಕೈ ಹಾಕಬೇಡಿ ಎಂದದ್ದು ಬಿಟ್ಟರೆ ಏನು ಹೇಳಿದ್ದೆ?

ಅಷ್ಟೆಲ್ಲ ಆಮೇಲೆ ಹೊಳೆದದ್ದು. ಆ ಕ್ಷಣಕ್ಕೆ ಸಿಟ್ಟು ನೆತ್ತಿಗೇರಿತ್ತು. "ನನಗೊಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಕೂಗಾಡ್ತೀಯ," ಎಂದರು ಅಪ್ಪ, ಕೂಗಾಟಕ್ಕೆ ಕಾಯುವವರ ಹಾಗೆ ಕತ್ತು ತಗ್ಗಿಸಿ.

ಅಕ್ಕನ ಕಡೆ ತಿರುಗಿದೆ. "ನೀನು ನೋಡಿದ್ದೆಯಾ?"

"ನೋಡಿದ್ದೆ. ಅದು ಏನು ಅಂತ ಗೊತ್ತಿರ್ಲಿಲ್ಲ. ಹೇಳೋಕೆ ಬಂದೆ, ನೀನೆಲ್ಲಿ ಬಿಟ್ಟೆ?"

  ಇಪ್ಪತ್ತು ವರ್ಷ ಅನುಭವದ ಮೆಕ್ಯಾನಿಕ್, ಬಿಚ್ಚಿ ನೋಡುವ ಬದಲು ಬೈದು ಕಳಿಸಿದ್ದೆ. ನಾಚಿಕೆಯಾಯಿತು, ಸುಳ್ಳೇಕೆ. ತಗಡು ಬದಿಗಿಟ್ಟು, ಪೈಪು ಮತ್ತೆ ಜೋಡಿಸಲು ಹೊಸ ಗ್ಯಾಸ್ಕೆಟ್ ತಂದೆ. ಅಪ್ಪ ಕೇಳದೆಯೇ ಎದ್ದು ಬಂದು ಟಾರ್ಚ್ ಹಿಡಿದರು. ಬೆಳಕು ಅರ್ಧ ಹೊತ್ತು ನನ್ನ ಕಣ್ಣಿಗೇ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ಬೋಲ್ಟು ಬಿಗಿದೆ.

ಮರುದಿನ ಕಾರು ಪಾಸಾಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಅಕ್ಕ ತನ್ನ ರೋಗಿಗಳ ಮನೆಗೇ ಹೋದಳು. ಆದರೆ ರಿಪೇರಿ ಮುಗಿದ ಸಂಜೆ ಓಡಿಸಿ ನೋಡದೆ ಕೊಡುವ ಧೈರ್ಯ ನನಗಿರಲಿಲ್ಲ. ಮೂವರೂ ಹೊರಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ಅಕ್ಕ, ಹಿಂದೆ ಅಪ್ಪ.  ಮೂರು ಜೊತೆ ಕಣ್ಣೂ ದೀಪದ ಮೇಲೆ. ಆಸ್ಪತ್ರೆ ರಸ್ತೆಯ ಅದೇ ಏರು ಬಂತು. ದೀಪ ಹತ್ತಲಿಲ್ಲ, ಆದರೆ ನಡುವೆ ಎಂಜಿನ್ ಗುಡುಗುಡು ಎಂದು ನಡುಗತೊಡಗಿತು. 

"ಈಗ ಹೇಳ್ಲಾ?" ಎಂದಳು ಅಕ್ಕ.

"ಹೇಳು."

"ನಾಲ್ಕನೇ ಗೇರಲ್ಲಿದ್ದೀಯ. ಮೂರಕ್ಕೆ ಹಾಕು."

ಹಿಂದಿನ ಸೀಟಿನಲ್ಲಿ ಅಪ್ಪ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಮೂರಕ್ಕೆ ಹಾಕಿದೆ. ಕಾರು ಏರು ಹತ್ತಿತು.