ಎರಡು ಗೇರ್‌ಬಾಕ್ಸಿನ ಜೀಪು

ನಾನು ಒಂದು ಜೀಪು. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ನನ್ನಂಥವು ಸಾಲಾಗಿ ತಯಾರಾದವಂತೆ, ಒಂದರ ಪಕ್ಕ ಇನ್ನೊಂದನ್ನು ನಿಲ್ಲಿಸಿದರೆ ಗುರುತು ಹತ್ತದಷ್ಟು ಒಂದೇ ಥರ. ಅದನ್ನು ಹುಟ್ಟು ಎಂದು ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ. ನಾನು ನಿಜವಾಗಿ ಹುಟ್ಟಿದ್ದು ನನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಚಿತ್ರದುರ್ಗದ ಕಡೆಯ ಒಂದು ಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ, ಚಮನ್ ಸಾಬನ ಕೈಯಲ್ಲಿ.

ಅದಕ್ಕೆ ಮೊದಲಿನ ಬದುಕನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಮಿಲಿಟರಿಯಲ್ಲಿದ್ದಾಗ ದಿನಾ ತೊಳೆಯುತ್ತಿದ್ದರು, ಒಮ್ಮೆಯೂ ಮಾತಾಡಿಸಲಿಲ್ಲ. ಹರಾಜಿನಲ್ಲಿ ಕೊಂಡ ಕಲ್ಲು ಕ್ವಾರಿಯವನು ತೊಳೆಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಆಮೇಲೆ ಪಾಲಯ್ಯ ಬಂದ. ಪಾಲಯ್ಯ ಕೆಟ್ಟವನಲ್ಲ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಾನೆಟ್ಟಿನ ಮೇಲೆ ತನ್ನ ತಾಯಿಯ ಹೆಸರು ಬರೆಸಿದ. ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದ. ಏರು ಬಂದಾಗ ಸ್ಟೀರಿಂಗ್ ತಟ್ಟಿ ಹುರಿದುಂಬಿಸುತ್ತಿದ್ದ.

ಆ ಕಾಲಕ್ಕೆ ನಮ್ಮ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದು ನಿಂತವು. ಅವನ್ನು ನೋಡಿಕೊಳ್ಳುವ ಕಂಪನಿಗೆ ಆಳುಗಳನ್ನೂ ಆಯಿಲ್ ಡ್ರಮ್ಮುಗಳನ್ನೂ ಮೇಲಕ್ಕೆ ಸಾಗಿಸುವ ಗಾಡಿ ಬೇಕಿತ್ತು. ಪಾಲಯ್ಯ ನನ್ನನ್ನು ಬಾಡಿಗೆಗೆ ಹಾಕಿದ. ಗುಡ್ಡದ ಮುಕ್ಕಾಲು ಭಾಗ ನನಗೆ ಲೆಕ್ಕಕ್ಕೇ ಇರಲಿಲ್ಲ. ಕೊನೆಯಲ್ಲಿ ಮಂಡಿಗಲ್ಲು ಅಂತ ಒಂದು ಏರು ಇತ್ತು ನೋಡಿ, ಅಲ್ಲಿ ನಾನು ಕೈ ಕೊಡುತ್ತಿದ್ದೆ. ಆಳುಗಳು ಇಳಿದು ನೂಕಬೇಕಾಗುತ್ತಿತ್ತು. ಹೊಟ್ಟೆ ತುಂಬ ಉಂಡ ಎಂಟು ಗಂಡಸರು ಬೈಯುತ್ತಾ ಬೆನ್ನಿಗೆ ಕೈ ಹಚ್ಚಿದರೆ ಒಂದು ಗಾಡಿಗೆ ಎಷ್ಟು ನಾಚಿಕೆಯಾಗುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಕೊನೆಗೆ ಕಂಪನಿಯ ಎಂಜಿನಿಯರ್, ಬೇಸಿಗೆ ಮುಗಿಯುವುದರೊಳಗೆ ತುಂಬಿದ ಗಾಡಿ ಯಾರೂ ಇಳಿಯದೆ ಮಂಡಿಗಲ್ಲು ಹತ್ತದಿದ್ದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದ.

ಪಾಲಯ್ಯ ನನ್ನನ್ನು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ.

ಚಮನ್ ಸಾಬನದು ಗ್ಯಾರೇಜು ಎನ್ನುವ ಹಾಗಿರಲಿಲ್ಲ. ಒಂದು ಮರ, ಒಂದು ಪೆಟ್ಟಿಗೆ ಸಾಮಾನು, ಒಂದು ವೆಲ್ಡಿಂಗ್ ಮಷೀನು. ಬೋರ್ಡು ಇರಲಿಲ್ಲ. ಮೂವತ್ತು ವರ್ಷದಿಂದ ಸುತ್ತಮುತ್ತಲಿನ ಗಾಡಿಗಳ ಜೀವ ಉಳಿಸಿದ್ದು ಅವನೇ ಆದರೂ, ಯಾರಾದರೂ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರೆ ಜನ ಗತ್ತಿನಿಂದ ದುರ್ಗದಲ್ಲಿ ಮಾಡಿಸಿದೆವು ಎನ್ನುತ್ತಿದ್ದರು. ಮರದ ಕೆಳಗೆ ರಿಪೇರಿ ಮಾಡಿಸಿದ್ದು ಹೇಳಿಕೊಳ್ಳುವ ವಿಷಯವೇ? ಅವನಿಗೆ ಅದು ನೋಯುತ್ತಿತ್ತು. ಗುಡ್ಡದ ಬುಡದಲ್ಲಿ ಕಂಪನಿ ಒಂದು ವರ್ಕ್‌ಶಾಪ್ ತೆರೆಯುತ್ತದಂತೆ, ಮುಖ್ಯ ಮೆಕ್ಯಾನಿಕ್ಕಿಗೆ ಸರ್ಟಿಫಿಕೇಟ್ ಬೇಡವಂತೆ, ಮಾಡಿದ ಕೆಲಸ ತೋರಿಸಿದರೆ ಸಾಕಂತೆ ಎಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಪಾಲಯ್ಯನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಗಾಡಿ ಒಂದು ಹತ್ತಲಿ ಸಾಬ್ರೆ," ಎಂದ ಪಾಲಯ್ಯ. "ಗುಡ್ಡದ ಮೇಲೆ ನಿಂತು ಎಂಜಿನಿಯರ್ ಎದುರಿಗೆ ನಿಮ್ಮ ಹೆಸರು ನಾನೇ ಹೇಳ್ತೀನಿ."

ಚಮನ್ ಸಾಬ್ ಆ ಮಾತನ್ನು ನಂಬಿದ. ನಾನೂ ನಂಬಿದೆ.

ಮೂರು ತಿಂಗಳು ಅವನು ನನ್ನ ಕೆಳಗೇ ಮಲಗಿದ. ನನ್ನ ಒಡೆಯರೆಲ್ಲ ನನ್ನ ಮುಖ ನೋಡಿದವರು. ಹೊಟ್ಟೆ ನೋಡಿದವನು ಅವನೊಬ್ಬ. ಗುಜರಿಯಿಂದ ಹಳೇ ವ್ಯಾನೊಂದರ ಗೇರ್‌ಬಾಕ್ಸ್ ತಂದು ನನ್ನ ಗೇರ್‌ಬಾಕ್ಸಿನ ಹಿಂದೆ ಸೇರಿಸಿದ. ಎರಡರ ನಡುವೆ ಕೂರಿಸಲು ದಪ್ಪ ಕಬ್ಬಿಣ ಬೇಕಿತ್ತು. ಚಳ್ಳಕೆರೆಯಲ್ಲಿ ಮುಚ್ಚಿಹೋದ ಎಣ್ಣೆ ಮಿಲ್ಲೊಂದರಿಂದ ತಂದ ತಟ್ಟೆಯನ್ನು ಎಂಟು ದಿನ ಕೈಯಲ್ಲೇ ಅರ ಹಾಕಿ ತಿಕ್ಕಿದ. ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಹೋಗುವ ಶಾಫ್ಟುಗಳ ಅಳತೆ ಕೆಟ್ಟಿತು. ಹಿಂದಿನದನ್ನು ಕತ್ತರಿಸಿ ಗಿಡ್ಡ ಮಾಡಿದ, ಒಂದು ಬೆರಳು ಜಾಸ್ತಿಯೇ ಗಿಡ್ಡವಾಯಿತು, ತನ್ನನ್ನು ತಾನೇ ಬೈದುಕೊಂಡು ಇನ್ನೊಂದು ಹುಡುಕಿ ತಂದ. ಹೊಸ ಗೇರ್‌ಬಾಕ್ಸಿಗೆ ಜಾಗ ಸಾಲದೆ ಕೊನೆಗೆ ನನ್ನ ಬೆನ್ನೆಲುಬಾದ ಚಾಸಿಯನ್ನೇ ಎರಡು ಕಡೆ ಕೊಯ್ದ. ಅಡ್ಡಪಟ್ಟಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಬೆಸುಗೆ ಹಾಕಿ, ಬೆಸುಗೆಯ ಗುರುತು ಹೋಗುವ ತನಕ ತಿಕ್ಕಿ ಬಣ್ಣ ಬಳಿದ. "ತಡಿ ಮಗಾ, ಆಯ್ತು, ಆಯ್ತು," ಎನ್ನುತ್ತಿದ್ದ. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಈಗ ನನಗೆ ಎರಡು ಗೇರ್ ಲಿವರ್. ಎರಡನ್ನೂ ಒಂದನೇ ಗೇರಿಗೆ ಹಾಕಿ ಬಿಟ್ಟರೆ ನಾನು ಎಷ್ಟು ನಿಧಾನ ಎಂದರೆ, ಚಮನ್ ಸಾಬನ ಹೆಂಡತಿ ಜೈತುನ್‌ಬಿ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ನನ್ನನ್ನು ದಾಟಿ ಮನೆಗೆ ಹೋದಳು. ಬಸ್ ಸ್ಟ್ಯಾಂಡೆಲ್ಲ ನಕ್ಕಿತು. ಮಂಡಿಗಲ್ಲಿನ ಕೊನೆಯ ಹತ್ತು ಮಾರು ಮಾತ್ರ ಆಗಲೂ ಆಗಲಿಲ್ಲ. ಚಮನ್ ಸಾಬ್ ಎರಡು ದಿನ ಸುಮ್ಮನೆ ಕೂತು ಯೋಚಿಸಿದ. ಮೂರನೆಯ ದಿನ ಏರಿನ ನಡುವೆ ನನ್ನನ್ನು ನಿಲ್ಲಿಸಿ ಎರಡು ಲಿವರನ್ನೂ ರಿವರ್ಸಿಗೆ ಹಾಕಿದ. ಪಾಲಯ್ಯ ಹೌಹಾರಿ ಕೆಳಗೆ ಹಾರಿದ. ನಾನು ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ಹೋದೆ, ಕಲ್ಲಿಗೆ ಹಲ್ಲು ಊರಿದ ಹಾಗೆ.

"ಒಂದು ಹಿಂದಕ್ಕೆ ತಿರುಗಿಸಿದ್ದನ್ನ ಇನ್ನೊಂದು ಮತ್ತೆ ಮುಂದಕ್ಕೆ ತಿರುಗಿಸ್ತದೆ ಪಾಲಣ್ಣ," ಎಂದು ಅವನು ವಿವರಿಸಿದ. ಎಲ್ಲ ಗೇರುಗಳಿಗಿಂತ ರಿವರ್ಸಿಗೇ ಎಳೆತ ಹೆಚ್ಚು. ಎರಡು ಸೇರಿದರೆ ಅದಕ್ಕಿಂತ ಬಲವಾದ್ದು ಇಲ್ಲ. ಆದರೆ ಪೂರ್ತಿ ನಿಂತ ಮೇಲೆಯೇ ಹಾಕಬೇಕು, ಹಿಂದಿನ ಲಿವರ್ ಮೊದಲು, ಮುಂದಿನದು ಆಮೇಲೆ ಎಂದು ಮೂರು ಸಲ ಹೇಳಿದ. ಪಾಲಯ್ಯ ಮೂರು ಸಲವೂ ತಲೆಯಾಡಿಸಿದ. ಮನಸ್ಸು ಬೇರೆ ಕಡೆ ಇರುವ ಡ್ರೈವರ್ ಹೇಗೆ ತಲೆಯಾಡಿಸುತ್ತಾನೆಂದು ನನಗೆ ಗೊತ್ತು.

ಪರೀಕ್ಷೆಯ ದಿನ ಎಂಟು ಆಳು, ಎರಡು ಡ್ರಮ್ಮು, ಮುಂದಿನ ಸೀಟಿನಲ್ಲಿ ಎಂಜಿನಿಯರ್. ಚಮನ್ ಸಾಬ್ ಹಿಂದೆ ಡ್ರಮ್ಮುಗಳ ನಡುವೆ ಕೂತು, ಪಾಲಯ್ಯನಿಗೆ ಲಿವರ್ ಯಾವಾಗ ಹಾಕಬೇಕೆಂದು ಬೆನ್ನು ತಟ್ಟಿ ಹೇಳುತ್ತಿದ್ದ. ಮಂಡಿಗಲ್ಲನ್ನು ನಾನು ಯಾರನ್ನೂ ಇಳಿಸದೆ ಹತ್ತಿದೆ. ಮೇಲೆ ಗಾಳಿಯಂತ್ರದ ನೆರಳಿನಲ್ಲಿ ಎಂಜಿನಿಯರ್ ಇಳಿದು, ಬಗ್ಗಿ ನನ್ನ ಹೊಟ್ಟೆ ನೋಡಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದ.

ಚಮನ್ ಸಾಬ್ ಕೈ ಒರೆಸಿಕೊಳ್ಳುತ್ತಾ ಅರ್ಧ ಎದ್ದ.

"ನಾನೇ ಸಾರ್," ಎಂದ ಪಾಲಯ್ಯ. "ನಾನೇ ತಲೆ ಓಡಿಸಿ ಮಾಡ್ಕೊಂಡೆ. ಈ ಸಾಬ್ರು ಸ್ಪ್ಯಾನರ್ ಗೀನರ್ ಹಿಡ್ಕೊಂಡು ಕೊಡ್ತಿದ್ರು."

ಅರ್ಧ ಎದ್ದವನು ಹಾಗೇ ಕೂತ. ಪಾಲಯ್ಯ ಅವನ ಕಡೆ ತಿರುಗಿ ನೋಡಲಿಲ್ಲ. ಎಂಜಿನಿಯರ್ ಖುಷಿಯಾಗಿ, ಹಾಗಾದರೆ ನಮ್ಮ ವರ್ಕ್‌ಶಾಪನ್ನೂ ನೀನೇ ನೋಡಿಕೋ ಎಂದ. ಅಷ್ಟು ಸಲೀಸಾಗಿ ಮುಗಿದುಹೋಯಿತು. ಇಳಿಯುವಾಗ ಚಮನ್ ಸಾಬ್ ನನ್ನನ್ನು ಹತ್ತಲಿಲ್ಲ. ಗುಡ್ಡದಿಂದ ನಡೆದೇ ಹೋದ. ಅವನ ಪಕ್ಕದಲ್ಲೇ ನನ್ನನ್ನು ಓಡಿಸಿಕೊಂಡು ಹೋದರು. ನನ್ನ ಚಕ್ರದ ಧೂಳು ಅವನ ಮೇಲೆ ಬಿತ್ತು. ನನ್ನದೇ ಎನ್ನುವ ಒಂದು ಬ್ರೇಕು ನನಗಿದ್ದರೆ ಆವತ್ತು ಅಲ್ಲೇ ನಿಂತುಬಿಡುತ್ತಿದ್ದೆ.

ಬಾಯಿ ತಪ್ಪಿ ಬಂದುಬಿಟ್ಟಿತು, ಆಮೇಲೆ ಹೇಗೆ ಸರಿ ಮಾಡುವುದು ಎಂದು ಪಾಲಯ್ಯ ಒಮ್ಮೆ ತನ್ನ ಹೆಂಡತಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಸರಿ ಮಾಡಲು ಬಸ್ ಸ್ಟ್ಯಾಂಡಿನ ಹಿಂದಕ್ಕೆ ಹೋದರೆ ಸಾಕಿತ್ತು. ಅವನು ಆ ದಾರಿಯನ್ನೇ ಬಿಟ್ಟ. ಡೀಸೆಲ್ ಹಾಕಿಸಲಿಕ್ಕೂ ಊರು ಸುತ್ತಿ ಹೋಗುತ್ತಿದ್ದ.

ವರ್ಕ್‌ಶಾಪಿನ ಕೆಲಸವನ್ನು ಅಲ್ಲಿನ ಹುಡುಗರಿಗೆ ಬಿಟ್ಟು ನನ್ನನ್ನು ಆಗಲೂ ಅವನೇ ಓಡಿಸುತ್ತಿದ್ದ. ಹೀಗೆ ಒಂದೂವರೆ ವರ್ಷ ಗುಡ್ಡ ಹತ್ತಿದೆ. ಪಾಲಯ್ಯ ಎರಡನೆಯ ಗೇರ್‌ಬಾಕ್ಸಿಗೆ ಆಯಿಲ್ ನೋಡುವುದನ್ನೂ ಕಲಿಯಲಿಲ್ಲ. ಒಂದು ಮಧ್ಯಾಹ್ನ, ಮಂಡಿಗಲ್ಲಿನಲ್ಲಿ, ಹಿಂದೆ ಕಂಪನಿಯ ಹೊಸ ಪಿಕಪ್ ಬರುತ್ತಿತ್ತು. ಅವರೆದುರು ನಿಲ್ಲುವುದು ಅವಮಾನ ಅಂತಲೋ ಏನೋ, ಪಾಲಯ್ಯ ನಾನು ನಿಲ್ಲುವ ಮೊದಲೇ ಮುಂದಿನ ಲಿವರ್ ಎಳೆದ. ಅದು ರಿವರ್ಸಿಗೆ ಬಿತ್ತು. ಹಿಂದಿನದು ಒಂದನೇ ಗೇರಿನಲ್ಲೇ ಉಳಿಯಿತು. ನಾನು ಸೀದಾ ಹಿಂದಕ್ಕೆ ನುಗ್ಗಿ ಪಿಕಪ್ಪಿನ ಮೂತಿಗೆ ಬಡಿದೆ. ಅದರಲ್ಲಿದ್ದ ಒಬ್ಬ ಕೆಲಸಗಾರನ ಕಾಲು ಮುರಿಯಿತು. ಅವನು ಕೂಗಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಪೊಲೀಸರು ನನ್ನನ್ನು ಠಾಣೆಗೆ ಎಳೆಸಿಕೊಂಡು ಹೋದರು. ಗಾಡಿ ತಪಾಸಣೆಗೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದರು. ಕನ್ನಡಕ ಹಾಕಿದ, ನಿಧಾನ ಸ್ವಭಾವದ ಹೆಂಗಸು. ಎರಡು ಲಿವರ್ ನೋಡಿ, ಇದೇನ್ರೀ ಎಂದರು.

"ನಂಗೇನೂ ಗೊತ್ತಿಲ್ಲ ಮೇಡಂ," ಎಂದ ಪಾಲಯ್ಯ. "ಎಲ್ಲಾ ಆ ಚಮನ್ ಸಾಬ್ ಮಾಡಿದ್ದು."

ಕೊನೆಗೂ ಆ ಹೆಸರು ಆ ಬಾಯಿಂದ ಬಂತು. ಬರಬೇಕಾದ ದಿನ ಬರಲಿಲ್ಲ, ಬರಬಾರದ ದಿನ ಬಂತು.

ಚಮನ್ ಸಾಬನಿಗೆ ಕರೆ ಹೋಯಿತು. ಬಿಲ್ಲಿಲ್ಲ, ಬೋರ್ಡಿಲ್ಲ, ಸಾಕ್ಷಿಯಿಲ್ಲ, ಗೊತ್ತಿಲ್ಲ ಎಂದುಬಿಡು ಎಂದು ಊರವರೆಲ್ಲ ಅವನಿಗೆ ಹೇಳಿ ಕಳಿಸಿದ್ದರಂತೆ. ಅವನು ಶುಕ್ರವಾರದ ನಮಾಜಿಗೆ ಹಾಕುವ ಬಿಳಿ ಜುಬ್ಬ ತೊಟ್ಟು ಬಂದ. ನನ್ನ ಪಕ್ಕದಲ್ಲಿ ನಿಂತ. ಇನ್‌ಸ್ಪೆಕ್ಟರ್ ಮೇಡಂ ಒಳ್ಳೆಯವರು. ಎರಡನೆಯ ಗೇರ್‌ಬಾಕ್ಸ್ ಬಿಚ್ಚಿಸಿ, ಹಳೆಯ ಹಾಗೆ ಮಾಡಿಸಿ, ದಂಡ ಕಟ್ಟಿದರೆ ಗಾಡಿ ಬಿಡಬಹುದು ಎಂದು ಬರೆಯಲು ಆಗಲೇ ಕೂತಿದ್ದರು.

"ಇದು ನಿಮ್ಮ ಕೆಲಸನಾ?" ಎಂದರು. "ಅಲ್ಲ ಅಂದ್ರೆ ಅಲ್ಲ ಅಂತಲೇ ಬರ್ಕೋತೀನಿ. ಯೋಚನೆ ಮಾಡಿ ಹೇಳಿ."

"ನಾನೇ ಮಾಡಿದ್ದು ಮೇಡಂ," ಎಂದ ಚಮನ್ ಸಾಬ್. "ಒಂದೊಂದೇ ಹೇಳ್ತೀನಿ, ಬರ್ಕೊಳ್ಳಿ."

ಬಿಳಿ ಜುಬ್ಬದಲ್ಲೇ ನನ್ನ ಕೆಳಗೆ ಮಲಗಿ ಹೇಳಲು ಶುರುಮಾಡಿದ. ಗೇರ್‌ಬಾಕ್ಸ್ ಹೇಳಿದ, ತಟ್ಟೆ ಹೇಳಿದ, ಶಾಫ್ಟ್ ಹೇಳಿದ. ಇಷ್ಟೇ ಆಗಿದ್ದರೆ ನಾನು ಬದುಕುತ್ತಿದ್ದೆ. ಅವನ ಬೆರಳು ಚಾಸಿಯ ಮೇಲೆ ಬಂತು. ಬೇಡ ಎಂದು ನಾನು ಒಳಗೊಳಗೇ ಅಂಗಲಾಚಿದೆ. ಮೇಡಂ ಎರಡು ಸಲ ಬಗ್ಗಿ ನೋಡಿದ್ದರು, ಅವರಿಗೆ ಅದು ಕಂಡಿರಲಿಲ್ಲ.

"ಇಲ್ಲಿ ಚಾಸಿ ಕೊಯ್ದು ಬೆಸುಗೆ ಹಾಕೀನಿ ಮೇಡಂ. ಕಾಣಿಸ್ತೈತಾ ನೋಡಿ? ಕಾಣಿಸಲ್ಲ. ಅಷ್ಟು ಚೆನ್ನಾಗಿ ಬಂದೈತಿ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಚಾಸಿ ಕೊಯ್ದ ಗಾಡಿಯನ್ನು ಮತ್ತೆ ರಸ್ತೆಗೆ ಬಿಡಲು ತಮ್ಮಿಂದ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅವನು ಗೊತ್ತು ಎಂದ. ಗೊತ್ತಿದ್ದೇ ಹೇಳಿದ್ದ. ಅವನು ಮಾಡಿದ ಕೆಲಸಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು, ಅದನ್ನು ಬಿಟ್ಟು ಪಟ್ಟಿ ಮುಗಿಸಲು ಅವನಿಗೆ ಮನಸ್ಸಾಗಲಿಲ್ಲ. ನನ್ನನ್ನು ಮಗಾ ಎಂದು ಕರೆದವನು ಮಗನನ್ನು ಅಲ್ಲೇ ಬಿಟ್ಟುಕೊಟ್ಟ.

ಈಗ ನಾನು ಠಾಣೆಯ ಹಿತ್ತಲಲ್ಲಿದ್ದೇನೆ. ನಂಬರ್ ಪ್ಲೇಟ್ ಕಿತ್ತಿದ್ದಾರೆ. ಟೈರುಗಳು ನೆಲ ಕಚ್ಚಿವೆ, ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ಪಾಲಯ್ಯ ಒಂದು ಸಲ ಬಂದು ಸ್ಟೆಪ್ನಿ ಕೇಳಿದ, ಪೊಲೀಸರು ಕೊಡಲಿಲ್ಲ, ಹೋದ. ಅವನನ್ನು ದ್ವೇಷಿಸುವುದು ಸುಲಭ, ಅದನ್ನು ನಾನು ದಿನಾ ಮಾಡುತ್ತೇನೆ. ಚಮನ್ ಸಾಬ್ ಕೋರ್ಟಿನಲ್ಲಿ ದಂಡ ಕಟ್ಟಿ ಮತ್ತೆ ಮರದ ಕೆಳಗೆ ಕೂತಿದ್ದಾನಂತೆ. ಇತ್ತ ಒಮ್ಮೆಯೂ ಬಂದಿಲ್ಲ. ಎಷ್ಟೋ ದಿನ ನನಗೆ ಅವನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. ಪಾಲಯ್ಯ ಅವನಿಗೆ ಮಾಡಿದ್ದನ್ನು ಅವನು ನನಗೆ ಮಾಡಿದ.

ಆದರೂ ಆ ದಿನದ ಕೊನೆಯನ್ನು ಹೇಳದೆ ಮುಗಿಸಿದರೆ ನಾನು ಸುಳ್ಳುಗಾರನಾಗುತ್ತೇನೆ. ಚಮನ್ ಸಾಬನಿಗೆ ಸಹಿ ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಂದೂವರೆ ಪುಟ ಬರೆದಾದ ಮೇಲೆ ಮೇಡಂ ಅದನ್ನು ಓದಿ ಹೇಳಿದರು. ಕೊನೆಯ ಸಾಲು ಹೀಗಿತ್ತು: ಮೇಲ್ಕಂಡ ಎಲ್ಲ ಬದಲಾವಣೆಗಳನ್ನು ಮಾಡಿದವರು ಚಮನ್ ಸಾಬ್ ಬಿನ್ ಖಾದರ್ ಸಾಬ್. ಅವನು ಸಹಿ ಹಾಕಲಿಲ್ಲ. ಆ ಸಾಲು ಇನ್ನೊಂದು ಸಲ ಓದಿ ಮೇಡಂ ಎಂದ. ಅವರು ಓದಿದರು. ಮಣ್ಣಾದ ಜುಬ್ಬದಲ್ಲಿ ನೆಟ್ಟಗೆ ನಿಂತು ಕೇಳಿದ. ಅದು ನನ್ನ ಸಾವಿನ ಕಾಗದ. ನನ್ನನ್ನು ಮಾಡಿದವನು ಯಾರೆಂದು ಬರೆದಿರುವುದು ಈ ಲೋಕದಲ್ಲಿ ಅದೊಂದರಲ್ಲೇ.