ನೀರಿನ ಹೆಂಗಸರು

“ಬಗ್ಗೇ, ಇನ್ನೂ ಬಗ್ಗು. ಬಸುರಿ ಅಂತ ಡ್ರಮ್ಮೇ ಎದ್ದು ನಿನ್ ಹತ್ರ ಬತ್ತದೇನೇ, ಲೌಡಿ?”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೃತ್ಯುಂಜಯ ನೀರಿನ ತೊಟ್ಟಿಯ ಕಟ್ಟೆಗೆ ಒಂದು ಕಾಲು ಕೊಟ್ಟು ನಿಂತಿದ್ದ. ಗಂಗಾಮಣಿ ಬಗ್ಗಿದಳು. ಡ್ರಮ್ಮಿನ ಅಂಚು ಹೊಟ್ಟೆಗೆ ಒತ್ತಿತು. ಕಾಫಿ ಗಿಡ ಕೊರೆಯುವ ಬೋರರ್ ಹುಳದ ಔಷಧಿ ಬಿದ್ದ ನೀರು ಹಾಲಿನ ಹಾಗೆ ಬೆಳ್ಳಗಾಗಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಬಿಂದಿಗೆ ತುಂಬಬೇಕಾದರೆ ತೋಳು ಮೊಣಕೈವರೆಗೂ ಮುಳುಗಲೇಬೇಕು. ಅವಳು ತುಂಬಿಕೊಂಡಳು, ಸೆರಗಿಗೆ ಕೈ ಒರೆಸಿದಳು, ಬಿಂದಿಗೆಯನ್ನು ಸೊಂಟಕ್ಕೆ ಏರಿಸಿ ಗುಡ್ಡದ ಕಡೆ ಹೊರಟಳು. ಹೆಜ್ಜೆಗೊಂದು ಸಲ ಬಿಳಿ ನೀರು ತುಳುಕಿ ಸೀರೆಯ ನೆರಿಗೆಯಲ್ಲಿ ಇಳಿಯುತ್ತಿತ್ತು.

ಡ್ರಮ್ಮಿನ ಆಚೆ ಬದಿಯಲ್ಲಿ ಕೋಲು ಆಡಿಸುತ್ತಿದ್ದ ಈರಮ್ಮ ಸೊಸೆಯ ಬೆನ್ನನ್ನು ನೋಡಿದಳು. ಮೂರನೆಯ ಬಸಿರು, ಐದು ತಿಂಗಳು. ಮೊದಲಿನ ಎರಡೂ ಐದನೆಯದರಲ್ಲೇ ಇಳಿದುಹೋಗಿದ್ದವು. ಆಳುಗಳ ಸಾಲುಕೋಣೆಗಳ ಆ ಲೈನಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದವಳು ಈರಮ್ಮನೇ ಆದ್ದರಿಂದ ಆ ಎರಡನ್ನೂ ತನ್ನ ಕೈಯಲ್ಲೇ ಎತ್ತಿಕೊಂಡು ಹೋಗಿದ್ದಳು. ಹೋದ ವಾರ ಧೈರ್ಯ ಮಾಡಿ ರೈಟರನ್ನು ಕೇಳಿದ್ದಳು: “ಬುದ್ಧಿ, ಅವಳ್ನ ಒಂದ್ ನಾಕ್ ತಿಂಗ್ಳು ಸ್ಟೋರ್ ಕೆಲ್ಸಕ್ಕೆ ಹಾಕ್ಬುಡಿ. ಕಾಯಿ ಆರಿಸ್ಕಂಡ್ ಕುಂತಿರ್ತಾಳೆ.”

“ಬಸುರು ಮಾಡ್ದೋನು ನಿನ್ ಮಗ, ರಜ ಕೊಡೋನು ನಾನಾ?” ಎಂದಿದ್ದ ರೈಟರ್. ಹತ್ತಿರವಿದ್ದ ಗಂಡಸರು ನಕ್ಕಿದ್ದರು. ಮಗ ರಂಗಸ್ವಾಮಿಯೂ ತಲೆ ತಗ್ಗಿಸಿಕೊಂಡು ಸ್ವಲ್ಪ ನಕ್ಕಿದ್ದ. ಈರಮ್ಮ ಆಮೇಲೆ ಆ ಮಾತು ಎತ್ತಲಿಲ್ಲ. ಕೆಲಸ ಇದ್ದಷ್ಟು ದಿನ ಲೈನಿನ ಕೋಣೆ, ಕೋಣೆ ಇದ್ದಷ್ಟು ದಿನ ಒಲೆ. ಬಾಯಿ ಮುಚ್ಚಿಕೊಂಡೇ ಅವಳು ಎಮ್ಮೆಗುಂಡಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಳೆದಿದ್ದಳು.

ಅಷ್ಟರಲ್ಲಿ ಯಸಳೂರು ರಸ್ತೆಯ ಕಡೆಯಿಂದ ಜೀಪಿನ ಸದ್ದು ಏರಿ ಬಂತು. ಮೃತ್ಯುಂಜಯ ಕಾಲು ಕೆಳಗಿಳಿಸಿದ, ದನಿಯನ್ನೂ ಇಳಿಸಿದ.

“ಬೆಂಗಳೂರಿನ ಡಾಕ್ಟರು ಬಂದ್ರು. ಎಲ್ಲಾ ಕೈ ತೊಳ್ಕಂಡು ಸ್ಟೋರ್ ಪಕ್ಕ ಕುಂತ್ಕಳಿ. ಯಾರಾದ್ರೂ ಕೇಳಿದ್ರೆ ಏನಂತೀರಿ?”

ಈರಮ್ಮ ಕೋಲನ್ನು ಡ್ರಮ್ಮಿಗೆ ಒರಗಿಸುವಷ್ಟರಲ್ಲಿ ಅವನೇ ಉತ್ತರ ಹೇಳಿಕೊಟ್ಟ.

“ನೀರು ಹೊರೋರು ಅನ್ನಿ. ಅಷ್ಟೇ. ಪುಸ್ತಕದಲ್ಲೂ ಹಂಗೇ ಐತೆ.”

ಪುಸ್ತಕದಲ್ಲಿ ಹಾಗೆಯೇ ಇತ್ತು. ಸ್ಪ್ರೇ ಮಾಡುವವರು ಎಂಟು ಜನ ಗಂಡಸರು. ಔಷಧಿ ಬೆರೆಸುವುದೂ ಅವರದೇ ಕೆಲಸ ಎಂದು ಬರೆದಿತ್ತು. ಆದರೆ ಅವರು ಗುಡ್ಡದ ಮೇಲೆ ಪಂಪಿನ ಹತ್ತಿರ ಇರುತ್ತಿದ್ದರು. ಡಬ್ಬ ಒಡೆಯುವುದು, ಕಲಸುವುದು, ಮೊಗೆಯುವುದು, ಹೊರುವುದು, ಸಂಜೆ ಅವರ ಬಟ್ಟೆ ಒಗೆಯುವುದು, ಇವಕ್ಕೆಲ್ಲ ಸೇರಿ ಪುಸ್ತಕದಲ್ಲಿ ಇದ್ದದ್ದು ಒಂದೇ ಹೆಸರು, ನೀರಿನ ಹೆಂಗಸರು.

ಸ್ಟೋರಿನ ಜಗಲಿಯಲ್ಲಿ ಮೇಜು ಹಾಕಿದರು. ಡಾಕ್ಟರು ಕೈಗವಸು ಹಾಕಿಕೊಂಡು ಕೂತರು. ಔಷಧಿಯಿಂದ ತೋಟದ ಆಳುಗಳ ಮೈಗೆ ಏನಾಗುತ್ತದೆ ಎಂಬುದು ಅವರ ಅಧ್ಯಯನ. ಜೊತೆಯಲ್ಲಿ ಪ್ರಶ್ನೆ ಓದುವ ಇಬ್ಬರು ಗಂಡಸರು, ಹೆಸರು ಬರೆದುಕೊಳ್ಳಲು ಶ್ರುತಿ ಎಂಬ ಒಬ್ಬ ಹುಡುಗಿ. ಗುಡ್ಡದಿಂದ ನಾಲ್ಕು ಜನ ಇಳಿದು ರಕ್ತ ಕೊಟ್ಟು ಹೋದ ಮೇಲೆ ಇನ್ನು ನಾಲ್ಕು ಜನ ಬರಬೇಕು ಎಂದು ಏರ್ಪಾಡಾಗಿತ್ತು. ಮೃತ್ಯುಂಜಯ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ.

ರಂಗಸ್ವಾಮಿಯ ಸರದಿ ಬಂತು. ತಲೆ ಸುತ್ತು ಉಂಟೇ, ಕಣ್ಣು ಉರಿ ಉಂಟೇ, ಬೀಡಿ ಸೇದುತ್ತೀಯೇ ಎಂದು ಕೇಳುತ್ತಾ ಹೋದ ಪ್ರಶ್ನೆಯವನು, “ಮದುವೆಯಾಗಿ ಎಷ್ಟು ವರ್ಷ?” ಎಂದ.

“ಆರು ಸಾ.”

“ಮಕ್ಕಳು?”

ರಂಗಸ್ವಾಮಿ ಕೆಳಗೆ ಕೂತಿದ್ದ ತಾಯಿಯ ಕಡೆ ನೋಡಿದ. ಸತ್ತದ್ದು ಗಂಡೋ ಹೆಣ್ಣೋ ಎಂದು ಕೂಡ ಅವನು ಯಾವತ್ತೂ ಕೇಳಿರಲಿಲ್ಲ. ಗಂಡಸರು ಕೇಳಬಾರದು, ಹೆಂಗಸರು ಹೇಳಬಾರದು, ಅದು ಲೈನಿನ ರೀತಿ.

“ಇಲ್ಲ ಸಾ.”

ಪ್ರಶ್ನೆಯವನು ಒಂದು ಸೊನ್ನೆ ಸುತ್ತಿ ಮುಂದಿನ ಸಾಲಿಗೆ ಹೋದ. ಗುಡ್ಡದಿಂದ ಇಳಿದು ಬಂದು ಕೂತಿದ್ದ ಗಂಗಾಮಣಿ ನೆಲದ ಮೇಲಿನ ಒಂದು ಕಡ್ಡಿಯನ್ನು ತುಂಡು ತುಂಡು ಮಾಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಆ ಹುಡುಗಿ ಎದ್ದು ಬಂದು ಈರಮ್ಮನ ಹತ್ತಿರ ಬಗ್ಗಿ ಪಿಸುಗುಟ್ಟಿದಳು. ಇದ್ದಕ್ಕಿದ್ದ ಹಾಗೆ ಮುಟ್ಟಾಗಿತ್ತು. ಎಸ್ಟೇಟಿನಲ್ಲಿ ಕಕ್ಕಸು ಇದ್ದದ್ದು ತೋಟದ ಸಾಹುಕಾರರ ಬಂಗಲೆಯಲ್ಲಿ ಮಾತ್ರ. ಈರಮ್ಮ ಎದ್ದು ತನ್ನ ಕೋಣೆಗೆ ಹೋಗಿ ಒಗೆದಿಟ್ಟಿದ್ದ ಹಳೆ ಸೀರೆಯ ತುಂಡು ತಂದಳು. ಅಂಗಳದಲ್ಲಿ ಕೂತವರೆಲ್ಲ ನೋಡುತ್ತಿದ್ದ ಹಾಗೆಯೇ ಹುಡುಗಿಯನ್ನು ಕರೆದುಕೊಂಡು ಹಳ್ಳ ದಾಟಿದಳು. ಆಚೆ ದಡ ಹೆಂಗಸರದು. ಅಲ್ಲಿಗೆ ಗಂಡಸರು ಬರುವುದಿಲ್ಲ, ರೈಟರೂ ಬರುವುದಿಲ್ಲ.

ಹುಡುಗಿ ಹಳ್ಳದಲ್ಲಿ ಕೈ ತೊಳೆದು ಮರದ ನೆರಳಿಗೆ ಬಂದಳು. ಅಲ್ಲಿ ಚಪ್ಪಟೆ ಕಲ್ಲುಗಳನ್ನು ಇಟ್ಟು ಮೇಲೆ ಮುಳ್ಳಿನ ಕೊಂಬೆ ಹೇರಿದ್ದರು. ಮುಳ್ಳಿಲ್ಲದ ಒಂದು ಕಲ್ಲು ನೋಡಿ ಕೂರಲು ಹೋದಳು.

“ಅಲ್ಲಿ ಬ್ಯಾಡ ಕಣವ್ವ. ಈಕಡೆ ಕುಂತ್ಕ.”

“ಏನಮ್ಮ ಅದು? ದೇವರಾ?”

“ದೇವ್ರಲ್ಲ.” ಈರಮ್ಮ ಮುಳ್ಳಿನ ಕೊಂಬೆಯೊಂದನ್ನು ಕಾಲಿನಿಂದ ಆ ಕಲ್ಲಿನ ಮೇಲಕ್ಕೆ ಸರಿಸಿದಳು. “ನರಿ ಕೆರೀತವೆ ಅಂತ ಹಾಕಿರದು.”

ಹುಡುಗಿ ಮತ್ತೆ ಏನೂ ಕೇಳಲಿಲ್ಲ. ಕೇಳಿದ್ದರೆ ಈರಮ್ಮ ಹೇಳುತ್ತಿರಲಿಲ್ಲವೋ ಏನೋ. ಹುಡುಗಿ ಈಚೆ ಕೂತು ಕಲ್ಲುಗಳನ್ನು ನೋಡುತ್ತಿದ್ದಳು. ನೋಡುತ್ತಾ ಅವಳ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು.

“ಹನ್ನೊಂದು,” ಎಂದಳು ಈರಮ್ಮ. “ಈ ಔಷಧಿ ಬಂದು ಆರ್ ವರ್ಷ ಆತು. ಅದಕ್ಕೂ ಮುಂಚೆ ಇರ್ಲಿಲ್ಲ ಅಂತಲ್ಲ, ಇದ್ವು. ಇಷ್ಟಿರ್ಲಿಲ್ಲ. ಅವೆರಡು ನನ್ ಸೊಸೇವು. ಆ ಮೂಲೇದು ನಂಜಮ್ಮಂದು, ಅದಕ್ಕೆ ಬೆರಳೆಲ್ಲ ಬಂದಿದ್ವು.”

“ನಮ್ಮವರು ಮಕ್ಕಳೆಷ್ಟು ಅಂತ ಕೇಳಿದರಲ್ಲಮ್ಮ.”

“ಕೇಳೋರು ಗಂಡಸ್ರು, ಪಕ್ಕದಾಗೆ ಕುರ್ಚಿ ಹಾಕ್ಕಂಡಿರೋನು ರೈಟ್ರು. ನಮ್ ಸೊಂಟದ ಕೆಳಗಿನ ಮಾತ ಅಲ್ಲಿ ಯಾರ್ ಎತ್ತಾರು? ಅದೂ ಅಲ್ದೆ ಮಕ್ಳು ಅಂದ್ರೆ ಬದುಕಿರೋವು ತಾನೆ.”

“ಇದು ಔಷಧಿಯಿಂದಲೇ ಅಂತೀರಾ?”

“ಔಷಧಿಯಿಂದ್ಲೋ, ಹೊರೆಯಿಂದ್ಲೋ, ಹಣೆಬರದಿಂದ್ಲೋ. ನಂಗೇನ್ ಗೊತ್ತವ್ವ. ಹೂಳಿದ್ದು ಎಷ್ಟು ಅಂತ ಮಾತ್ರ ಗೊತ್ತು.”

ಹುಡುಗಿ ಅವಳ ಕೈ ಹಿಡಿದುಕೊಂಡಳು. “ನಿಮ್ಮ ಹೆಸರು ಹೇಳೋದಿಲ್ಲ,” ಎಂದಳು. ಈರಮ್ಮ ಆ ಹಿಡಿತದಿಂದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಹುಡುಗಿ ಹೆಸರು ಹೇಳಲಿಲ್ಲ. ಜಗಲಿಯಲ್ಲಿ ಡಾಕ್ಟರ ಪಕ್ಕ ನಿಂತು ಮೆಲುದನಿಯಲ್ಲಿ ಮಾತಾಡಿದಳು. ಡಾಕ್ಟರು ಮೆಲುದನಿಯಲ್ಲಿ ಉತ್ತರಿಸಲಿಲ್ಲ.

“ನೋಡಮ್ಮ, ನಮ್ಮ ಅಧ್ಯಯನ ಸ್ಪ್ರೇ ಮಾಡೋರ ಮೇಲೆ. ಹೆಂಗಸರು ಸ್ಪ್ರೇ ಮಾಡೋದಿಲ್ಲ. ಹೆಂಗಸರ ವಿಷಯ ಬೇರೆಯೇ ಅಧ್ಯಯನ, ಅದಕ್ಕೆ ಬೇರೆ ತಂಡ ಬೇಕು. ಇದನ್ನೆಲ್ಲ ತಂದು ಸೇರಿಸಿದರೆ ಇರೋ ಲೆಕ್ಕವೂ ಕೆಡುತ್ತೆ. ಸಾಹುಕಾರರು ಒಪ್ಪಿರೋದು ಇಷ್ಟಕ್ಕೆ.” ಆಮೇಲೆ ರೈಟರ ಕಡೆ ತಿರುಗಿದರು. “ಏನಯ್ಯ, ಹೆಂಗಸರು ಔಷಧಿ ಮುಟ್ಟುತ್ತಾರಾ?”

“ಎಲ್ಲಾದ್ರೂ ಉಂಟೇ ಸಾರ್. ಬರೀ ನೀರು ಹೊರ್ತಾರೆ.”

“ಹಾಗಂತ ಅವರಲ್ಲೇ ಯಾರಾದರೂ ಒಬ್ಬರ ಹತ್ತಿರ ಬರೆಸಿ ಕೊಡು. ಫೈಲಿಗೆ ಇರಲಿ.”

ಹುಡುಗಿ ಯಾರ ಜೊತೆ ಹಳ್ಳ ದಾಟಿದ್ದಳು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂಗಳವೆಲ್ಲ ನೋಡಿತ್ತು. ಮೃತ್ಯುಂಜಯ ಈರಮ್ಮನನ್ನು ಸ್ಟೋರಿನ ಹಿಂದಕ್ಕೆ ಕರೆದ. ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

“ಈರಿ, ಒಂದು ಹೆಬ್ಬೆಟ್ಟು ಒತ್ತಬೇಕು. ಹೆಂಗಸರು ಔಷಧಿ ಮುಟ್ಟಲ್ಲ, ಯಾರ್ಗೂ ಏನೂ ಆಗಿಲ್ಲ ಅಂತ. ಹಳೇ ಸೂಲಗಿತ್ತಿ ನೀನು, ನಿನ್ ಮಾತಿಗೆ ತೂಕ.”

ಈರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಒತ್ತಿದ್ರೆ ನಾಳೆಯಿಂದ ನಿನ್ ಸೊಸೆ ಸ್ಟೋರಿಗೆ. ಹೆರೋ ತಂಕ ಡ್ರಮ್ಮಿನ ಕಡೆ ತಲೆ ಹಾಕೋದು ಬ್ಯಾಡ. ಒತ್ತದಿದ್ರೆ ಭಾನುವಾರಕ್ಕೆ ಕೋಣೆ ಖಾಲಿ. ಪಾಳ್ಯದ ಸಂತೇಲಿ ಮಲಿಕ್ಕಂಡು ಹೆರಿಸ್ಕ.”

ಅವಳು ಬೇಡಿದ್ದನ್ನೇ ಕೊಡುತ್ತಿದ್ದ. ನಾಲ್ಕು ತಿಂಗಳು. ಮನೆಯಲ್ಲಿ ಒಂದು ಕೂಸು.

“ಹಂಗಾರೆ ಡ್ರಮ್ಮಿಗೆ ಯಾರು ಬುದ್ಧಿ?”

“ಅದ್ಕೇನ್ ಬರ. ಪಂಕಜಾಕ್ಷಿ ಐತಲ್ಲ.”

ಪಂಕಜಾಕ್ಷಿ ಮೂರನೆಯ ಕೋಣೆಯ ಹುಡುಗಿ. ಯುಗಾದಿ ಕಳೆದು ಮದುವೆಯಾಗಿ ಬಂದವಳು. ಹದಿನೈದು ದಿನದ ಹಿಂದೆ ಅವಳ ಅತ್ತೆ ಈರಮ್ಮನನ್ನು ಕರೆದು ಹುಡುಗಿಯ ಹೊಟ್ಟೆ ಮುಟ್ಟಿ ನೋಡಿಸಿದ್ದಳು. ಈರಮ್ಮನೇ ಹೌದು ಎಂದಿದ್ದಳು, ಬೆಲ್ಲ ತಿಂದು ಬಂದಿದ್ದಳು.

“ಬಾ, ಡಾಕ್ಟರು ಕಾಯ್ತಾವ್ರೆ.”

“ಕೈ ತೊಳ್ಕಂಡ್ ಬತ್ತೀನಿ.”

ಜಗಲಿಯ ಮೇಜಿನ ಮೇಲೆ ಹಾಳೆ ಸಿದ್ಧವಾಗಿತ್ತು. ಮೃತ್ಯುಂಜಯ ಅದನ್ನು ಗಟ್ಟಿಯಾಗಿ ಓದಿ, ಅವಳ ಕೈ ತನಗೆ ತಗುಲದ ಹಾಗೆ ಶಾಯಿಯ ಪ್ಯಾಡನ್ನು ಮೇಜಿನ ತುದಿಗೆ ತಳ್ಳಿದ. ಈರಮ್ಮ ತೊಟ್ಟಿಯ ಪಕ್ಕದ ಡ್ರಮ್ಮಿನ ಕಡೆಯಿಂದ ನಡೆದು ಬಂದಳು. ಕೆಳಗೆ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವಳ ಎರಡೂ ಕೈ ಮೊಣಕೈಗಿಂತ ಮೇಲಿನವರೆಗೂ ಬೆಳ್ಳಗಿದ್ದವು. ಬೆರಳ ತುದಿಯಿಂದ ಹನಿ ಬೀಳುತ್ತಿತ್ತು.

ಪ್ಯಾಡನ್ನು ಅವಳು ಮುಟ್ಟಲಿಲ್ಲ. ಬಲಗೈಯನ್ನು ಅಗಲಿಸಿ ಹಾಳೆಯ ಮೇಲೆ ಊರಿದಳು. ಮೇಲೆ ಎಡಗೈಯನ್ನೂ ಊರಿದಳು. ಅಕ್ಷರಗಳು ನೆನೆದು ನೀಲಿಯಾಗಿ ಹರಡಿದವು. ಮೂಗು ಸುಡುವ ಗಬ್ಬು ಜಗಲಿಯ ತುಂಬ ಎದ್ದಿತು.

“ಇದೇ ನನ್ ರುಜು. ತಗಂಡೋಗಿ ಪರೀಕ್ಷೆ ಮಾಡ್ಸಿ ಸ್ವಾಮಿ.”

ಡಾಕ್ಟರ ಕುರ್ಚಿ ಹಿಂದಕ್ಕೆ ಸರಿಯಿತು. ಕೈಗವಸು ಹಾಕಿದ್ದರೂ ಕೈಗಳನ್ನು ಎದೆಯ ಹತ್ತಿರ ಎಳೆದುಕೊಂಡಿದ್ದರು. “ಬೋಸುಡಿ,” ಎಂದ ಮೃತ್ಯುಂಜಯ, ಆದರೆ ಹಾಳೆಯನ್ನು ಕಿತ್ತುಕೊಳ್ಳಲು ಅವನೂ ಕೈ ಚಾಚಲಿಲ್ಲ. ಶ್ರುತಿ ಮುಂದೆ ಬಂದು ಹಾಳೆಯ ತುದಿಗೆ ಬೆರಳು ಹಾಕಿದಳು.

“ಮುಟ್ಬ್ಯಾಡ ಮಗ,” ಎಂದಳು ಈರಮ್ಮ. “ನೀನಿನ್ನೂ ಹೆರೋಳು.”

ಹುಡುಗಿಯ ಕೈ ಅಲ್ಲೇ ನಿಂತಿತು.

ಗುಡ್ಡದ ಮೇಲಿಂದ ಮೇಸ್ತ್ರಿ ಕೂಗಿದ. ಪಂಪು ಬರಿದಾಗಿತ್ತು, ನೀರು ಬೇಕಿತ್ತು. ಯಾರೂ ಅಲುಗಲಿಲ್ಲ. ಅವನು ಮತ್ತೆ ಕೂಗಿದ, ಅಮ್ಮ ಅಕ್ಕ ಸೇರಿಸಿ ಬೈದ. ಮೃತ್ಯುಂಜಯ ಗಂಗಾಮಣಿಯನ್ನು ನೋಡಿದ, ಪಂಕಜಾಕ್ಷಿಯನ್ನು ನೋಡಿದ. ಎಲ್ಲರ ಬಿಂದಿಗೆಗಳೂ ನೆಲದ ಮೇಲೇ ಇದ್ದವು.

“ಒಂದು ಬಿಂದಿಗೆ ನೀರು ಹೊರೋಕೆ ಇಷ್ಟೊಂದು ನಾಟಕ, ನೋಡಿ ಸಾರ್,” ಎನ್ನುತ್ತ ಅವನೇ ಜಗಲಿಯಿಂದ ಇಳಿದು ಒಂದು ಬಿಂದಿಗೆ ಎತ್ತಿಕೊಂಡು ಡ್ರಮ್ಮಿನ ಹತ್ತಿರ ಹೋದ. ಅಂಗಿಯ ತೋಳು ಮಡಚಿದ. ಬಗ್ಗಿದ.

ಆವತ್ತಿನವರೆಗೂ ಅವನೆದುರು ಬಾಯಿ ತೆರೆಯದಿದ್ದ ಗಂಗಾಮಣಿ ನಿಂತಲ್ಲಿಂದಲೇ ಮಾತಾಡಿದಳು.

“ಬರೀ ನೀರಲ್ವ ಬುದ್ಧಿ. ಮೊಗೀರಿ.”

ಡಾಕ್ಟರು ಜಗಲಿಯ ಅಂಚಿಗೆ ಬಂದು ನಿಂತಿದ್ದರು. ಡ್ರಮ್ಮಿನೊಳಗೆ ಬಿಳಿ ನೀರು ಅರ್ಧಕ್ಕಿಂತ ಕೆಳಗಿತ್ತು. ಅದಕ್ಕೆ ಒಂದು ಗೇಣು ಮೇಲೆ ಮೃತ್ಯುಂಜಯನ ಕೈ ನಿಂತಿತ್ತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.