ತಿರುವುಮುರುವಾದ ಬೋರ್ಡು

"ಇದೂ ಹೋಯ್ತಾ?" ಹೊಲಿಗೆ ಯಂತ್ರದ ಹಿಂದಿನಿಂದ ಅಕ್ಕ ಕೂಗಿದಳು. ಕಿವಿ ಮಂದವಾದ ಮೇಲೆ ಅವಳ ಗುಟ್ಟುಗಳೂ ಬೀದಿಗೆ ಕೇಳಿಸುತ್ತಿದ್ದವು.

ಕೈಯಲ್ಲಿದ್ದ ಸರ್ಕ್ಯೂಟ್ ಬೋರ್ಡನ್ನು ನೋಡುತ್ತ ತಮ್ಮ ಹೌದೆಂದು ತಲೆಯಾಡಿಸಿದ. ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಅವನ ರಜೆ ಇವತ್ತಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ, ಅಂಗಡಿ ಬಾಗಿಲಿನ ಗಂಟೆ ಒತ್ತಿದರೆ ಅಕ್ಕನ ಯಂತ್ರದ ಪಕ್ಕ ದೀಪ ಮಿನುಗುವಂತೆ ಅವನು ಮಾಡಬೇಕಿತ್ತು. ಈ ತಿಂಗಳಲ್ಲೇ ನಾಲ್ವರು ಗಿರಾಕಿಗಳು ಗಂಟೆ ಒತ್ತಿ ಒತ್ತಿ ಬೇಸತ್ತು ಎದುರು ಬೀದಿಯ ದರ್ಜಿಯ ಹತ್ತಿರ ಹೋಗಿದ್ದರು. ಬಾಗಿಲು ತೆರೆದಿಡೋಣವೆಂದರೆ ಬೀದಿಯ ಧೂಳೆಲ್ಲ ಬಿಳಿ ಬಟ್ಟೆಯ ಮೇಲೆ. ಹೀಗೇ ಆದರೆ ಅಂಗಡಿ ಮುಚ್ಚುವುದೊಂದೇ ದಾರಿ ಎಂದು ಅಕ್ಕ ನಿನ್ನೆ ಹೇಳಿಬಿಟ್ಟಿದ್ದಳು.

ಹನ್ನೆರಡು ವರ್ಷ ಅವನು ಇಂಥ ಬೋರ್ಡುಗಳ ನಕ್ಷೆ ಬರೆದಿದ್ದ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಏಳಲಿಲ್ಲ. ಬೇರೊಂದನ್ನು ಕಲಿಯುವುದರಲ್ಲೇ ರಜೆ ಕರಗಿತ್ತು. ಮೊದಲ ಬೋರ್ಡಿನ ಅಳತೆಯೇ ತಪ್ಪಿತ್ತು. ಎರಡನೆಯದರಲ್ಲಿ ಅವನ ಕೈಯೇ ಕೈಕೊಟ್ಟಿತ್ತು. ಹಳೆಯ ತಂತ್ರಾಂಶ ಬೋರ್ಡಿನ ಹಿಂಬದಿಯನ್ನು ಹಿಂದಿನಿಂದಲೇ ತೋರಿಸುತ್ತಿತ್ತು; ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿ, ತಾಮ್ರದ ಮೇಲಿಟ್ಟು, ಮಸಿ ಇಳಿಯುವಂತೆ ಇಸ್ತ್ರಿ ಒತ್ತಬೇಕಿತ್ತು. ಹೊಸದು ಮೇಲಿನಿಂದ, ಗಾಜಿನ ಮೂಲಕ ಕಂಡಂತೆ ತೋರಿಸುತ್ತದೆ, ತಿರುಗಿಸಲೇಬಾರದು. ಅಭ್ಯಾಸಬಲದಿಂದ ಅವನು ತಿರುಗಿಸಿದ್ದ. ಈಗ ಐಸಿ ಚಿಪ್ಪಿನ ಎಡಗಾಲುಗಳಿಗೆ ಬಲಗಡೆಯ ತಾಮ್ರದ ಗೆರೆಗಳು. ಮತ್ತೆ ಮಾಡೋಣವೆಂದರೆ ತಾಮ್ರದ ಹಲಗೆ ಇನ್ನೊಂದಿರಲಿಲ್ಲ.

"ಏನಾಗಿದೆ, ಬಿಡಿಸಿ ಹೇಳೋ."

"ಎಡ ಬಲ ಅದಲುಬದಲಾಗಿದೆ ಅಕ್ಕ!" ಅವನು ಅವಳ ಕಿವಿಗೆ ಬಾಗಿ ಕೂಗಿದ.

"ಅಷ್ಟಕ್ಕೆ ಹೆಣ ಹೊತ್ತವನ ಮುಖ ಯಾಕೆ? ಎಡಗೈ ತೋಳು ಬಲಕ್ಕೆ ಕತ್ತರಿಸಿಬಿಟ್ಟರೆ ನಾನು ಬಟ್ಟೆ ಬಿಸಾಕ್ತೀನಾ? ಒಳಮೈ ಹೊರಗೆ ಮಾಡಿ ಹೊಲೀತೀನಿ."

"ಇದು ಬಟ್ಟೆ ಅಲ್ಲ ಅಕ್ಕ..." ಎಂದವನು ಬೋರ್ಡನ್ನು ಮಗುಚಿದ. ಐಸಿಯನ್ನು ಮೇಲ್ಗಡೆಯ ಬದಲು ತಾಮ್ರದ ಕಡೆಯಿಂದಲೇ ಕೂರಿಸಿದರೆ? ಕಾಲುಗಳನ್ನು ಒಂದೊಂದಾಗಿ ಎಣಿಸಿದ. ಎಲ್ಲ ಸರಿಹೊಂದುತ್ತಿದ್ದವು.

"ಕೂರುತ್ತೆ, ಆದ್ರೆ ನೋಡೋಕೆ ಅಸಹ್ಯವಾಗಿರುತ್ತೆ ಅಕ್ಕ!" ಎಂದು ಕೂಗಿದ.

"ನಿನ್ನ ಮದುವೆಗೆ ನಾನು ಹೊಲಿದ ಕೋಟಿಗಿಂತಾನಾ?"

ಬೆಸುಗೆ ಹಾಕುವ ಸೋಲ್ಡರ್ ಕಡ್ಡಿಯ ಕಾದ ತುದಿ ಐಸಿಯ ಕಾಲುಗಳ ಕೆಳಗೆ ತೂರದೆ ಎರಡು ತಾಸು ಕಾಡಿಸಿತು. ದೀಪದ ತಂತಿ ಜೋಡಿಸಿದವನೇ ಅವನು ಮೇಜಿನ ಮೇಲೆ ತಲೆಯಿಟ್ಟ. ಹೊರಗೆ ಹೋಗಿ ಗಂಟೆ ಒತ್ತಿ ನೋಡುವಷ್ಟೂ ಶಕ್ತಿ ಉಳಿದಿರಲಿಲ್ಲ.

"ಮನೆಗೆ ಹೋಗಿ ಮಲಕ್ಕೋ."

"ಐದು ನಿಮಿಷ, ಅಕ್ಕ."

ಐದು ನಿಮಿಷ ಇಪ್ಪತ್ತು ನಿಮಿಷವಾಯಿತು. ಯಂತ್ರದ ಪಕ್ಕದಲ್ಲಿ ದೀಪ ಮಿನುಗಿತು, ತಡೆದು ಮತ್ತೊಮ್ಮೆ ಮಿನುಗಿತು. ಅಕ್ಕ ಯಂತ್ರ ತುಳಿಯುತ್ತಿದ್ದ ಕಾಲು ನಿಲ್ಲಿಸಿದಳು. ಎದ್ದು, ನಿದ್ದೆ ಹೋಗಿದ್ದ ತಮ್ಮನ ಮೊಣಕೈ ಬಳಿ ಇನ್ನೂ ಕಾದಿದ್ದ ಕಡ್ಡಿಯ ಸ್ವಿಚ್ಚು ಆರಿಸಿ, ಬಾಗಿಲಿನತ್ತ ನಡೆದಳು.